ದಂಡದ ಲೆಕ್ಕ: ಲೋಕಮಾನ್ಯ ತಿಲಕರ ಬಾಳಿನಲ್ಲಿ ಶಿಕ್ಷೆ ಮತ್ತು ಜಾಮೀನು

ಲೋಕಮಾನ್ಯ ಬಾಲಗಂಗಾಧರ ತಿಲಕರ ಜೀವನವನ್ನು ಕನ್ನಡದ ಓದುಗರು ಸಾಮಾನ್ಯವಾಗಿ ಮೂರು ಬಾಗಿಲುಗಳಿಂದ ಪ್ರವೇಶಿಸಿದ್ದಾರೆ. ಆಲೂರ ವೆಂಕಟರಾಯರು ಕನ್ನಡಕ್ಕೆ ತಂದ ‘ಗೀತಾರಹಸ್ಯ’ ಒಂದು. ಊರೂರಿಗೆ ಹಬ್ಬಿದ ಸಾರ್ವಜನಿಕ ಗಣೇಶೋತ್ಸವ ಇನ್ನೊಂದು. ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆಯವರ ಮೂಲಕ ಮುಂಬಯಿ ಕರ್ನಾಟಕದಲ್ಲಿ ಬೆಳೆದ ರಾಜಕೀಯ ಶಿಷ್ಯಪರಂಪರೆ ಮತ್ತೊಂದು. ಇವುಗಳಲ್ಲದೆ ನಾಲ್ಕನೆಯ ಬಾಗಿಲೊಂದಿದೆ. ಅದು ನ್ಯಾಯಾಲಯದ ಬಾಗಿಲು. ಮುಂಬಯಿ ಸರಕಾರದ ಕಣ್ಣಿಗೆ ತಿಲಕರು ಗಣಿತಜ್ಞರೂ ಅಲ್ಲ, ವೇದವಿದ್ವಾಂಸರೂ ಅಲ್ಲ. ಒಮ್ಮೆ ಶಿಕ್ಷೆಯಾದರೂ ತಿದ್ದಿಕೊಳ್ಳದೆ ಅದೇ ಅಪರಾಧಕ್ಕೆ ಮರಳುತ್ತಿದ್ದ ಒಬ್ಬ ಹಳೆಯ ಅಪರಾಧಿ. 1882ರಲ್ಲಿ 4 ತಿಂಗಳ ಸಾದಾ ಸಜೆ, 1897ರಲ್ಲಿ 18 ತಿಂಗಳ ಕಠಿಣ ಸಜೆ, 1908ರಲ್ಲಿ 6 ವರ್ಷಗಳ ಗಡೀಪಾರು, 1916ರಲ್ಲಿ ಒಟ್ಟು 40,000 ರೂಪಾಯಿಗಳ ಮುಚ್ಚಳಿಕೆ ಮತ್ತು ಜಾಮೀನು. ಈ ಸಾಲಿನ ಹಿಂದೆ ಪ್ರಭುತ್ವದ ಒಂದು ಲೆಕ್ಕಾಚಾರವಿತ್ತು. ಆ ಲೆಕ್ಕ ಎಲ್ಲಿ ಹೊಂದಿತು, ಎಲ್ಲಿ ತಪ್ಪಿತು ಎಂಬುದನ್ನು ನೋಡಿದರೆ ತಿಲಕರ ಬಾಳಿನ ಒಂದು ಮುಖ ಬೇರೆಯಾಗಿಯೇ ಗೋಚರಿಸುತ್ತದೆ.

ದಂಡವನ್ನು ಅಂಕಿಗೆ ಇಳಿಸುವ ಯೋಚನೆ ನಮ್ಮಲ್ಲಿ ಹಳೆಯದು. ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ತೀರ್ಥಕ್ಷೇತ್ರಗಳ ಕಳ್ಳರು, ಗಂಟುಕಳ್ಳರು ಮೊದಲಾದವರಿಗೆ ಮೊದಲ ಸಲ ಅಂಗಚ್ಛೇದ ಅಥವಾ ಅದರ ಬದಲಿಗೆ 54 ಪಣ, ಎರಡನೆಯ ಸಲ 100 ಪಣ, ಮೂರನೆಯ ಸಲ 400 ಪಣ, ನಾಲ್ಕನೆಯ ಸಲ ವಧೆ ಎಂಬ ಏರುಪಟ್ಟಿಯಿದೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಈ ಗ್ರಂಥವನ್ನು 1909ರಲ್ಲಿ ಅಚ್ಚಿಗೆ ತಂದಾಗ ತಿಲಕರು ಮಂಡಾಲೆಯ ಸೆರೆಯಲ್ಲಿದ್ದರೆಂಬುದು ಕೇವಲ ಕಾಕತಾಳೀಯ. ಯುರೋಪಿನಲ್ಲಿ 1764ರಲ್ಲಿ ಬೆಕ್ಕಾರಿಯಾ, ಅವನ ಹಿಂದೆಯೇ ಬೆಂಥಾಮ್, ಅಪರಾಧದಿಂದ ದೊರೆಯುವ ಲಾಭಕ್ಕಿಂತ ಶಿಕ್ಷೆಯಿಂದ ಒದಗುವ ನಷ್ಟ ತುಸು ಹೆಚ್ಚಾಗಿರಬೇಕು, ಅದಕ್ಕಿಂತ ಮಿಗಿಲಾಗಿ ಶಿಕ್ಷೆ ಖಚಿತವಾಗಿರಬೇಕು ಎಂಬ ತತ್ತ್ವವನ್ನು ನೆಲೆಗೊಳಿಸಿದರು. ಅಮೆರಿಕದ ಗ್ಯಾರಿ ಬೆಕರ್ 1968ರಲ್ಲಿ ಇದಕ್ಕೆ ಅರ್ಥಶಾಸ್ತ್ರದ ಸೂತ್ರರೂಪ ಕೊಟ್ಟನು: ಸಿಕ್ಕಿಬೀಳುವ ಸಂಭವವನ್ನೂ ಶಿಕ್ಷೆಯ ತೀವ್ರತೆಯನ್ನೂ ಗುಣಿಸಿದಾಗ ದೊರೆಯುವುದೇ ಅಪರಾಧದ ಬೆಲೆ. ಎರಡನೆಯ ಸಲ ತಪ್ಪಿದವನಿಗೆ ಬೆಲೆಯನ್ನು ಏರಿಸಬೇಕೆಂಬುದಕ್ಕೆ ಕಾರಣವೂ ಸ್ಪಷ್ಟ. ಮೊದಲನೆಯದು ಎಡವಿದ್ದಿರಬಹುದು, ಎರಡನೆಯದು, ಬೆಲೆ ತಿಳಿದೂ ಮಾಡಿದ ವ್ಯಾಪಾರ. ಆದರೆ ಈ ಸೂತ್ರ ಒಂದು ವಿಷಯವನ್ನು ಮೊದಲೇ ಗೃಹೀತವೆಂದು ಹಿಡಿಯುತ್ತದೆ. ಶಿಕ್ಷೆ ಎಂಬುದು ಶಿಕ್ಷಿತನ ಖಾತೆಯಲ್ಲಿ ಯಾವಾಗಲೂ ನಷ್ಟದ ಬದಿಗೇ ಬೀಳುತ್ತದೆ ಎಂಬುದೇ ಆ ಗೃಹೀತ. ಗಂಟುಕಳ್ಳನ ವಿಷಯದಲ್ಲಿ ಇದು ನಿಜ. ಸೆರೆಮನೆಗೆ ಹೋಗಿ ಬಂದವನಿಗೆ ಕೂಲಿ ಸಿಗದು, ಮಾನ ಉಳಿಯದು. ಪುಣೆಯ ಪತ್ರಿಕಾಕರ್ತನೊಬ್ಬನ ವಿಷಯದಲ್ಲಿ ಹಾಗಾಗಲಿಲ್ಲ.

1860ರ ಭಾರತೀಯ ದಂಡಸಂಹಿತೆಯ 75ನೆಯ ಕಲಮು ಮತ್ತೆ ಮತ್ತೆ ತಪ್ಪುವವರಿಗೆ ಹೆಚ್ಚಿನ ಶಿಕ್ಷೆಯನ್ನು ವಿಧಿಸುತ್ತಿತ್ತು. ಅದು ಖೋಟಾನಾಣ್ಯ ಮತ್ತು ಸ್ವತ್ತಿನ ಅಪರಾಧಗಳಿಗೆ ಮಾತ್ರ ಸೀಮಿತವಾಗಿತ್ತು. ರಾಜದ್ರೋಹದ ಕಲಮು ಸಂಹಿತೆಯಲ್ಲಿ ಮೊದಲು ಇರಲೇ ಇಲ್ಲ. 1870ರಲ್ಲಿ 124 ಎ ಎಂಬ ಅಂಕದಡಿ ಬಂದು ಸೇರಿತು. ಆದ್ದರಿಂದ ಕಾನೂನಿನ ಅಕ್ಷರದಲ್ಲಿ ತಿಲಕರು ಎಂದೂ ರೂಢಿಯ ಅಪರಾಧಿಯಾಗಿರಲಿಲ್ಲ. ಆದರೂ ಅವರನ್ನು ಹಾಗೆ ಕಾಣುವ ದೃಷ್ಟಿ ನ್ಯಾಯಪೀಠದ ಮಾತಿನಲ್ಲಿಯೂ ಸರಕಾರದ ಷರತ್ತುಗಳಲ್ಲಿಯೂ ನುಸುಳುತ್ತ ಹೋದುದನ್ನು ಗಮನಿಸಬೇಕು.

ತಿಲಕರು ಹುಟ್ಟಿದ್ದು 1856ರ ಜುಲೈ 23ರಂದು, ಕೊಂಕಣದ ರತ್ನಾಗಿರಿಯಲ್ಲಿ. ತಂದೆ ಗಂಗಾಧರಪಂತರು ಶಾಲಾಶಿಕ್ಷಕರು. 1866ರಲ್ಲಿ ಅವರಿಗೆ ವರ್ಗವಾಗಿ ಸಂಸಾರ ಪುಣೆಗೆ ಬಂದಿತು. ಡೆಕ್ಕನ್ ಕಾಲೇಜಿನಲ್ಲಿ ಗಣಿತವನ್ನು ಓದಿ 1876ರಲ್ಲಿ ಪದವೀಧರರಾದ ತಿಲಕರು 1879ರಲ್ಲಿ ಕಾನೂನಿನ ಪದವಿಯನ್ನೂ ಪಡೆದರು. ವಕೀಲಿಯನ್ನು ಮಾಡಲಿಲ್ಲ, ಆದರೆ ಅದರ ಪಾಠ ವ್ಯರ್ಥವಾಗಲಿಲ್ಲ. ಕಾನೂನಿನ ತರಗತಿಯೊಂದನ್ನು ನಡೆಸಿ ಅದರಿಂದ ಜೀವನ ಸಾಗಿಸಿದ ಕಾಲವೂ ಉಂಟು. ವಿಷ್ಣುಶಾಸ್ತ್ರಿ ಚಿಪಳೂಣಕರ ಮತ್ತು ಗೋಪಾಲ ಗಣೇಶ ಆಗರಕರರ ಒಡನಾಟದಲ್ಲಿ 1880ರಲ್ಲಿ ನ್ಯೂ ಇಂಗ್ಲಿಷ್ ಸ್ಕೂಲು, 1881ರ ಜನವರಿಯಲ್ಲಿ ಮರಾಠಿಯ ‘ಕೇಸರಿ’ ಹಾಗೂ ಇಂಗ್ಲಿಷಿನ ‘ಮರಾಠಾ’ ಪತ್ರಿಕೆಗಳು ಹುಟ್ಟಿದವು.

ಮೊದಲ ಮೊಕದ್ದಮೆ ಬರಲು ಒಂದೂವರೆ ವರ್ಷವೂ ಹಿಡಿಯಲಿಲ್ಲ. ಕೊಲ್ಹಾಪುರದ ಎಳೆಯ ಮಹಾರಾಜರನ್ನು ದಿವಾನ ಮಾಧವರಾವ್ ಬರ್ವೆ ಹಿಂಸಿಸುತ್ತಿದ್ದಾರೆಂಬ ಆರೋಪದ ಪತ್ರಗಳನ್ನು ಕೇಸರಿ ಪ್ರಕಟಿಸಿತು. ಪತ್ರಗಳು ಕೃತ್ರಿಮವೆಂದು ತಿಳಿದುಬಂದಿತು. ಸಂಪಾದಕರಿಬ್ಬರೂ ಮಾನಹಾನಿಯ ಅಪರಾಧಕ್ಕೆ ಗುರಿಯಾಗಿ 1882ರ ಜುಲೈಯಲ್ಲಿ ತಲಾ 4 ತಿಂಗಳ ಸಾದಾ ಸಜೆ ಪಡೆದರು. ಆ ಸಮಯದಲ್ಲಿ ಜಾಮೀನಿಗೆ ಜನರನ್ನು ಒದಗಿಸಿಕೊಟ್ಟವರು ಜೋತಿರಾವ್ ಫುಲೆಯವರು. ಮುಂದೆ ಜಾತಿ ಮತ್ತು ಸ್ತ್ರೀಶಿಕ್ಷಣದ ವಿಷಯಗಳಲ್ಲಿ ತಿಲಕರು ಫುಲೆಯವರ ಪಂಥಕ್ಕೆ ಎದುರಾಗಿಯೇ ನಿಂತರೆಂಬುದನ್ನು ನೆನೆದರೆ ಈ ಋಣದ ತೂಕ ಹೆಚ್ಚಾಗಿ ಕಾಣುತ್ತದೆ. ಮುಂಬಯಿಯ ಡೋಂಗರಿ ಸೆರೆಮನೆಯಲ್ಲಿ 101 ದಿನ ಕಳೆದು ಅಕ್ಟೋಬರ್ 26ರಂದು ಇಬ್ಬರೂ ಹೊರಬಂದಾಗ ಜನ ಅವರನ್ನು ಮೆರವಣಿಗೆಯಲ್ಲಿ ಕರೆದೊಯ್ದರು. ತಪ್ಪು ಅವರದೇ ಆಗಿತ್ತು, ಪತ್ರಗಳು ಸುಳ್ಳಾಗಿದ್ದವು. ಹಾಗಿದ್ದೂ ಸೆರೆವಾಸ ಅವರ ಖಾತೆಯಲ್ಲಿ ಜಮೆಯಾಗಿಯೇ ಬಿದ್ದಿತು. ಇದು ಮುಂದಿನ ಎಲ್ಲದರ ಮುನ್ಸೂಚನೆ.

ಡೆಕ್ಕನ್ ಎಜುಕೇಶನ್ ಸೊಸೈಟಿ, ಫರ್ಗ್ಯುಸನ್ ಕಾಲೇಜುಗಳ ಸ್ಥಾಪನೆ, ಆಗರಕರರೊಡನೆ ವಿರಸ, 1890ರಲ್ಲಿ ರಾಜೀನಾಮೆ, ಇವೆಲ್ಲ ಸುಪರಿಚಿತ ಸಂಗತಿಗಳು. ಶಿಕ್ಷೆಯ ಕುರಿತು ತಿಲಕರ ನಿಲುವನ್ನು ಅರಿಯಲು ಮಾತ್ರ 1891ರ ಸಮ್ಮತಿವಯಸ್ಸಿನ ಮಸೂದೆಯ ವಾದವನ್ನು ಮುಟ್ಟದೆ ಹೋಗುವಂತಿಲ್ಲ. ಪರಕೀಯ ಸರಕಾರದ ದಂಡಭಯದಿಂದ ಸಮಾಜ ಸುಧಾರಿಸದು. ಸುಧಾರಣೆ ಬಯಸುವವರು ತಾವೇ ಪ್ರತಿಜ್ಞೆಗೆ ಸಹಿ ಹಾಕಿ ತಮ್ಮನ್ನು ಬಂಧಿಸಿಕೊಳ್ಳಲಿ ಎಂಬುದು ಅವರ ವಾದವಾಗಿತ್ತು. ಎಳೆಯ ಹುಡುಗಿಯರ ಪ್ರಾಣದ ಪ್ರಶ್ನೆಯೆದುರು ಈ ವಾದ ದುರ್ಬಲ, ನಿಷ್ಠುರ ಕೂಡ. ಆದರೆ ದಂಡದಿಂದ ಮನುಷ್ಯನ ನಡತೆ ಬದಲಾಗುವುದಿಲ್ಲವೆಂಬ ಈ ಶಂಕೆಯೇ ಹದಿನೇಳು ವರ್ಷಗಳ ಅನಂತರ ಬೇರೊಂದು ಸಂದರ್ಭದಲ್ಲಿ ಅವರ ಲೇಖನಿಯಿಂದ ಮತ್ತೆ ಹೊರಟಿತು.

1896ರ ಬರಗಾಲದ ಬೆನ್ನಿಗೆ ಪ್ಲೇಗು ಬಂದಿತು. ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದ ರೀತಿ ಜನರಲ್ಲಿ ರೋಷವನ್ನು ಎಬ್ಬಿಸಿತು. 1897ರ ಜೂನ್ 22ರ ರಾತ್ರಿ, ರಾಣಿಯ ವಜ್ರಮಹೋತ್ಸವದಿಂದ ಮರಳುತ್ತಿದ್ದ ಪ್ಲೇಗು ಅಧಿಕಾರಿ ರ್‍ಯಾಂಡ್ ಮತ್ತು ಲೆಫ್ಟಿನೆಂಟ್ ಐಯರ್ಸ್ಟ್ ಗಣೇಶಖಿಂಡ ರಸ್ತೆಯಲ್ಲಿ ಚಾಪೇಕರ ಸಹೋದರರ ಗುಂಡಿಗೆ ಗುರಿಯಾದರು. ಅಪರಾಧಿಗಳು ಕೂಡಲೇ ಸಿಗಲಿಲ್ಲ. ಸಿಗದ ಅಪರಾಧಿಯ ಬೆಲೆಯನ್ನು ಸರಕಾರ ಬೇರೆಯವರಿಂದ ವಸೂಲು ಮಾಡತೊಡಗಿತು. ನಗರದ ಮೇಲೆ ದಂಡದ ಪೊಲೀಸು ಪಡೆಯನ್ನು ಕೂರಿಸಿ ಅದರ ಖರ್ಚನ್ನು ನಾಗರಿಕರ ಮೇಲೆಯೇ ಹೇರಲಾಯಿತು. ನಾಟೂ ಸಹೋದರರನ್ನು 1827ರ ಹಳೆಯ ನಿಬಂಧನೆಯೊಂದರ ಅಡಿಯಲ್ಲಿ ವಿಚಾರಣೆಯಿಲ್ಲದೆ ಬಂಧಿಸಿ ಅವರ ಆಸ್ತಿಯನ್ನು ಜಪ್ತಿ ಮಾಡಲಾಯಿತು. ಕೊಲೆಗಾರರ ಸುಳಿವಿಗೆ 20,000 ರೂಪಾಯಿಗಳ ಇನಾಮನ್ನು ಸಾರಲಾಯಿತು. ಜುಲೈ 27ರಂದು ತಿಲಕರ ಬಂಧನವೂ ಆಯಿತು. ಕೊಲೆಗೂ ಅವರಿಗೂ ಸಂಬಂಧವಿದೆಯೆಂದು ಆರೋಪಪತ್ರ ಹೇಳಲಿಲ್ಲ. ಜೂನ್ 15ರ ಕೇಸರಿಯಲ್ಲಿ ಬಂದ ಶಿವಾಜಿ ಉತ್ಸವದ ವರದಿ ಮತ್ತು ಒಂದು ಪದ್ಯ ರಾಜದ್ರೋಹವೆನಿಸಿದವು.

ಜಾಮೀನಿನ ಅರ್ಜಿ ಒಂದೆರಡು ಕಡೆ ತಿರಸ್ಕೃತವಾದ ಮೇಲೆ ನ್ಯಾಯಮೂರ್ತಿ ಬದ್ರುದ್ದೀನ್ ತ್ಯಾಬ್ಜಿಯವರ ಮುಂದೆ ಬಂದಿತು. ಅಲ್ಲಿ ತಿಲಕರ ಪರವಾಗಿ ವಾದಿಸಿದವರು ದಿನಶಾ ದಾವರ್ ಎಂಬ ಪಾರಸಿ ಬ್ಯಾರಿಸ್ಟರರು. ಸ್ವಂತ ಮುಚ್ಚಳಿಕೆ 50,000 ರೂಪಾಯಿ, ತಲಾ 25,000ದ ಇಬ್ಬರು ಜಾಮೀನುದಾರರು, ಒಟ್ಟು ಒಂದು ಲಕ್ಷ. ಆ ಕಾಲದ ಪತ್ರಿಕಾಸಂಪಾದಕನೊಬ್ಬನ ಅಳವಿಗೆ ಮೀರಿದ ಮೊತ್ತವಿದು. ಆದರೂ ಮುಂಬಯಿಯಲ್ಲಿ ಜಾಮೀನು ನಿಲ್ಲುವವರಿಗೆ ಕೊರತೆಯಾಗಲಿಲ್ಲ; ಮೊಕದ್ದಮೆಯ ವೆಚ್ಚಕ್ಕೆ ಬಂಗಾಲದಿಂದ ಹಣ ಬಂದಿತು, ವಕೀಲರೂ ಬಂದರು. ಒಬ್ಬನ ಮೇಲೆ ಹೊರಿಸಿದ ಬೆಲೆ ಸಾವಿರಾರು ಜನರಲ್ಲಿ ಹಂಚಿಹೋದಾಗ ಅದರ ಭಾರ ಯಾರಿಗೂ ಭಾರವಾಗಿ ಉಳಿಯುವುದಿಲ್ಲ. ಅಧಿಕಾರಶಾಹಿಯ ಲೆಕ್ಕದಲ್ಲಿ ಬಿಟ್ಟುಹೋದ ಮೊದಲ ಅಂಶ ಇದೇ.

ಸೆಪ್ಟೆಂಬರ್ 14ರಂದು ತೀರ್ಪು ಬಂದಿತು. ಒಂಬತ್ತು ಮಂದಿಯ ಜ್ಯೂರಿಯಲ್ಲಿ ಆರು ಯುರೋಪಿಯನ್ನರು ಅಪರಾಧಿಯೆಂದರು, ಮೂವರು ಭಾರತೀಯರು ಅಲ್ಲವೆಂದರು. ನ್ಯಾಯಮೂರ್ತಿ ಸ್ಟ್ರಾಚಿ ಅಪ್ರೀತಿಯೆಂದರೆ ಪ್ರೀತಿಯ ಅಭಾವವೆಂದು ಅರ್ಥವಿಸಿ, 18 ತಿಂಗಳ ಕಠಿಣ ಸಜೆ ವಿಧಿಸಿದನು. ಪ್ರೀತಿಸದಿರುವುದೇ ದ್ರೋಹವೆನ್ನುವ ಈ ವ್ಯಾಖ್ಯಾನದ ಹೆಚ್ಚುಗಾರಿಕೆಯನ್ನು ಅರ್ಥಶಾಸ್ತ್ರಜ್ಞನೊಬ್ಬ ಕೂಡಲೇ ಗುರುತಿಸಬಲ್ಲನು: ಅಪರಾಧದ ಎಲ್ಲೆಯನ್ನು ಇಷ್ಟು ಹಿಗ್ಗಿಸಿದರೆ ಎಚ್ಚರದಿಂದ ಬರೆದವನಿಗೂ ಎಚ್ಚರವಿಲ್ಲದೆ ಬರೆದವನಿಗೂ ಅಪಾಯ ಒಂದೇ ಆಗುತ್ತದೆ, ಆಗ ಎಚ್ಚರಕ್ಕೆ ಪ್ರತಿಫಲವೇ ಇಲ್ಲ.

ಡೋಂಗರಿ, ಬೈಕಳಾ, ಕೊನೆಗೆ ಪುಣೆಯ ಯರವಡಾ, ಹೀಗೆ ಸೆರೆಮನೆಗಳು ಬದಲಾದವು. ತಿಲಕರ ಮೈ ಇಳಿಯಿತು. ಯರವಡಾದಲ್ಲಿಯೇ ದಾಮೋದರ ಚಾಪೇಕರನೂ ಗಲ್ಲಿಗಾಗಿ ಕಾಯುತ್ತಿದ್ದನು. 1898ರ ಏಪ್ರಿಲ್ 18ರಂದು ಅವನನ್ನು ಗಲ್ಲಿಗೇರಿಸಿದಾಗ ಅವನ ಕೈಯಲ್ಲಿದ್ದ ಗೀತೆಯ ಪ್ರತಿ ತಿಲಕರಿಂದ ಬಂದುದು. ಇನಾಮಿನ ಆಸೆಗೆ ಸುಳಿವು ಕೊಟ್ಟ ದ್ರವಿಡ ಸಹೋದರರು 1899ರ ಫೆಬ್ರವರಿಯಲ್ಲಿ ಉಳಿದ ಚಾಪೇಕರರ ಕೈಯಲ್ಲಿ ಹತರಾದರು. ಒಂದು ಗಲ್ಲು ಮುಂದಿನ ಕೊಲೆಯನ್ನು ತಡೆಯಲಿಲ್ಲ. 20,000 ರೂಪಾಯಿಯ ಇನಾಮು ಮತ್ತೆರಡು ಹೆಣಗಳನ್ನು ಕೂಡಿಸಿತು.

ಮ್ಯಾಕ್ಸ್ ಮುಲ್ಲರ್, ವಿಲಿಯಂ ಹಂಟರ್ ಮೊದಲಾದವರು ದಯೆಗಾಗಿ ಮನವಿ ಸಲ್ಲಿಸಿದುದರ ಫಲವಾಗಿ 1898ರ ಸೆಪ್ಟೆಂಬರ್ 6ರಂದು, ಅವಧಿಗೆ ಆರು ತಿಂಗಳು ಮುಂಚೆ, ಬಿಡುಗಡೆಯಾಯಿತು. ಷರತ್ತುಗಳು ಕುತೂಹಲಕರವಾಗಿವೆ. ಸ್ವಾಗತಸಮಾರಂಭಗಳಲ್ಲಿ ಪಾಲ್ಗೊಳ್ಳಬಾರದು, ಮತ್ತೆ ರಾಜದ್ರೋಹದ ಶಿಕ್ಷೆಯಾದರೆ ಮನ್ನಾ ಆದ ಆರು ತಿಂಗಳು ಅದಕ್ಕೆ ಕೂಡಿಕೊಳ್ಳುತ್ತವೆ. ಮೊದಲನೆಯ ಷರತ್ತು ಮೆರವಣಿಗೆಯ ಲಾಭವನ್ನು ಕಿತ್ತುಕೊಳ್ಳುವ ಯತ್ನ. ಎರಡನೆಯದು ಆರು ತಿಂಗಳ ಸಜೆಯನ್ನು ಸಾಲವಾಗಿ ಉಳಿಸಿಕೊಂಡ ಒಂದು ಜಾಮೀನು. ಸರಕಾರಕ್ಕೆ ತನ್ನ ತೊಂದರೆ ಎಲ್ಲಿದೆಯೆಂಬುದು ತಿಳಿಯದೆ ಇರಲಿಲ್ಲ ಎನ್ನಬೇಕು. ಅದೇ ವರ್ಷ ರಾಜದ್ರೋಹದ ಕಲಮಿಗೆ ದ್ವೇಷ, ತಿರಸ್ಕಾರ ಎಂಬ ಪದಗಳು ಕೂಡಿದವು. 153 ಎ ಎಂಬ ಹೊಸ ಕಲಮು ಬಂದಿತು. ಅಪರಾಧ ಪ್ರಕ್ರಿಯಾ ಸಂಹಿತೆಯ 108ನೆಯ ಕಲಮು ರಾಜದ್ರೋಹದ ಮಾತನ್ನು ಹರಡುವವರಿಂದ ಸನ್ನಡತೆಯ ಜಾಮೀನು ಕೇಳುವ ಅಧಿಕಾರವನ್ನು ಮ್ಯಾಜಿಸ್ಟ್ರೇಟನಿಗೆ ಕೊಟ್ಟಿತು. ಈ ಕೊನೆಯ ಅಸ್ತ್ರ ಹದಿನೆಂಟು ವರ್ಷ ಕಾಯಬೇಕಾಗಿತ್ತು.

ಸ್ವದೇಶಿ, ಬಹಿಷ್ಕಾರಗಳ ಕಾವಿನ ಕಾಲದಲ್ಲಿ, 1908ರ ಏಪ್ರಿಲ್ 30ರಂದು ಮುಜಫರಪುರದಲ್ಲಿ ಖುದಿರಾಮ ಬೋಸ್ ಮತ್ತು ಪ್ರಫುಲ್ಲ ಚಾಕಿ ಎಸೆದ ಬಾಂಬಿಗೆ ಇಬ್ಬರು ಆಂಗ್ಲ ಮಹಿಳೆಯರು ಬಲಿಯಾದರು. ಸರಕಾರ ಜೂನ್ 8ರಂದು ಒಂದೇ ದಿನ ಎರಡು ಕಾಯಿದೆಗಳನ್ನು ತಂದಿತು. ಒಂದು ಸ್ಫೋಟಕವಸ್ತುಗಳ ಮೇಲೆ, ಇನ್ನೊಂದು ಪ್ರಚೋದಿಸುವ ಪತ್ರಿಕೆಗಳ ಮೇಲೆ. ಮರುದಿನದ ಕೇಸರಿಯ ಅಗ್ರಲೇಖನದ ತಲೆಬರಹ, ಈ ಉಪಾಯಗಳು ಬಾಳುವಂಥವಲ್ಲ ಎಂಬ ಅರ್ಥದ್ದು. ತಿಲಕರ ಬಾಳಿನ ಅತ್ಯಂತ ದುಬಾರಿ ಲೇಖನವಿದು. ಇದನ್ನು ರಾಜದ್ರೋಹದ ದಾಖಲೆಯಾಗಿ ಓದುವುದೇ ರೂಢಿ. ಆದರೆ ಇದರ ವಸ್ತು ಶಿಕ್ಷೆ ಅಪರಾಧವನ್ನು ತಡೆಯಬಲ್ಲುದೇ ಎಂಬ ಪ್ರಶ್ನೆ. ಅವರ ತರ್ಕ ಸ್ಥೂಲವಾಗಿ ಹೀಗಿದೆ. ಬಂದೂಕನ್ನು ಜನರಿಂದ ಕಸಿದುಕೊಳ್ಳಬಹುದು, ಏಕೆಂದರೆ ಅದಕ್ಕೆ ಕಾರ್ಖಾನೆ ಬೇಕು, ಬಹಳ ಹಣ ಬೇಕು. ಬಾಂಬು ಹಾಗಲ್ಲ, ಅದು ವಸ್ತುವಿಗಿಂತ ಹೆಚ್ಚಾಗಿ ವಿದ್ಯೆ, ಮಂತ್ರದಂತೆ, ತಾಯಿತದಂತೆ. ಅಲ್ಪ ಸಾಮಗ್ರಿಯಿಂದ ಮನೆಯ ಮೂಲೆಯಲ್ಲಿ ಮಾಡಬಹುದಾದುದನ್ನು ಕಾಯಿದೆ ಎಷ್ಟೆಂದು ಹುಡುಕೀತು? ಪತ್ತೆಯ ಸಂಭವ ಕುಗ್ಗಿದಾಗ ಶಿಕ್ಷೆಯ ತೀವ್ರತೆಯನ್ನು ಏರಿಸಿ ಪ್ರಯೋಜನವಿಲ್ಲ. ಅಲ್ಲದೆ ಪ್ರಾಣದ ಹಂಗು ತೊರೆದು ಹುಚ್ಚಾದವನು ಬೆಲೆಯನ್ನು ಕೇಳುವುದೇ ಇಲ್ಲ. ಹಾಗೆ ಹುಚ್ಚಾಗುವವರ ಸಂಖ್ಯೆ ಕಡಿಮೆಯಾಗಬೇಕಾದರೆ ಜನರಿಗೆ ರಾಜ್ಯಾಧಿಕಾರದ ಹಕ್ಕುಗಳು ದೊರೆಯತೊಡಗಬೇಕು.

ಬೆಕರನ ಸೂತ್ರದ ಎರಡೂ ಅಂಗಗಳು ಅರುವತ್ತು ವರ್ಷಗಳ ಮುಂಚೆಯೇ ಈ ಮರಾಠಿ ಲೇಖನದಲ್ಲಿ ಬಿಡಿಬಿಡಿಯಾಗಿ ದೊರೆಯುತ್ತವೆ ಎಂದರೆ ಅತಿಶಯೋಕ್ತಿಯಾಗಲಾರದು. ಆದರೆ ಲೇಖನದಲ್ಲಿ ಇನ್ನೊಂದು ಧ್ವನಿಯೂ ಇತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಬಾಂಬನ್ನು ಖಂಡಿಸುತ್ತಲೇ ಅದರ ಶಕ್ತಿಯನ್ನು ವರ್ಣಿಸುವ ಉತ್ಸಾಹ ಅಲ್ಲಿ ಕಾಣುತ್ತದೆ. ಎಚ್ಚರಿಕೆಗೂ ಬೆದರಿಕೆಗೂ ನಡುವಿನ ಗೆರೆ ತೆಳುವಾಗಿತ್ತು. ಸುಮಾರು 20,000 ಪ್ರತಿಗಳಷ್ಟು ಹೋಗುತ್ತಿದ್ದ ಪತ್ರಿಕೆಯಲ್ಲಿ ಆ ತೆಳುಗೆರೆಯನ್ನು ಸರಕಾರ ಸಹಿಸಲಿಲ್ಲ.

ಜೂನ್ 24ರಂದು ಬಂಧನ. ಹನ್ನೊಂದು ವರ್ಷಗಳ ಹಿಂದೆ ಜಾಮೀನು ಕೊಡಿಸಿದ ಬ್ಯಾರಿಸ್ಟರ್ ದಾವರರೇ ಈಗ ನ್ಯಾಯಮೂರ್ತಿಗಳು. ಮಹಮ್ಮದ್ ಅಲಿ ಜಿನ್ನಾ ಮಂಡಿಸಿದ ಜಾಮೀನಿನ ಅರ್ಜಿಯನ್ನು ಅವರು ತಳ್ಳಿಹಾಕಿದರು. ವಿಚಾರಣೆಯಲ್ಲಿ ತಿಲಕರು ತಮ್ಮ ವಾದವನ್ನು ತಾವೇ ಇಪ್ಪತ್ತೊಂದು ಗಂಟೆಗಳಿಗೂ ಮಿಕ್ಕು ಮಂಡಿಸಿದರು. ಜುಲೈ 22ರ ರಾತ್ರಿ ಏಳು ಮಂದಿ ಯುರೋಪಿಯನ್ನರು ಅಪರಾಧಿಯೆಂದೂ ಇಬ್ಬರು ಪಾರಸಿಗಳು ಅಲ್ಲವೆಂದೂ ಹೇಳಿದರು. ಎರಡು ಲೇಖನಗಳಿಗೆ ತಲಾ ಮೂರು ವರ್ಷಗಳಂತೆ ಆರು ವರ್ಷಗಳ ಗಡೀಪಾರು, 153 ಎ ಕಲಮಿನಡಿ 1,000 ರೂಪಾಯಿ ದಂಡ. ಶಿಕ್ಷೆ ಸಾರುವಾಗ ದಾವರರು ಹಿಂದಿನ ಶಿಕ್ಷೆಯನ್ನೂ ಆಗ ತೋರಿದ ರಿಯಾಯಿತಿಯನ್ನೂ ನೆನಪಿಸಿ, ಹತ್ತು ವರ್ಷಗಳಲ್ಲಿ ದ್ವೇಷ ಕರಗಿಲ್ಲವೆಂದು ಎತ್ತಿಹೇಳಿದರು. 75ನೆಯ ಕಲಮು ಅನ್ವಯವಾಗದ ಕಡೆ ಅದರ ನೆರಳು ಬಿದ್ದುದು ಹೀಗೆ. ಮುಂಬಯಿಯ ಗಿರಣಿ ಕಾರ್ಮಿಕರು ವರ್ಷಕ್ಕೊಂದು ದಿನದಂತೆ ಆರು ದಿನ ಮುಷ್ಕರ ಹೂಡಿದರು. ಗುಂಡಿಗೆ ಹಲವರು ಸತ್ತರು. ಆ ಆರು ದಿನಗಳ ಕೂಲಿಯನ್ನು ತೆತ್ತವರು ಕೇಸರಿಯನ್ನು ಓದಲು ಬಾರದವರೇ ಹೆಚ್ಚು.

ಅಪರಾಧಶಾಸ್ತ್ರ ಶಿಕ್ಷೆಯಲ್ಲಿ ಎರಡು ಬಗೆಯ ಫಲಗಳನ್ನು ಬೇರ್ಪಡಿಸುತ್ತದೆ. ಭಯದಿಂದ ತಡೆಯುವುದು ಒಂದು, ಆಸಾಮಿಯನ್ನೇ ದೂರವಿರಿಸುವುದು ಇನ್ನೊಂದು. ಮಂಡಾಲೆಯ ಆರು ವರ್ಷಗಳಲ್ಲಿ ಎರಡನೆಯದು ಯಶಸ್ವಿಯಾಯಿತು. ಗಡೀಪಾರನ್ನು ಸಾದಾ ಸಜೆಗೆ ಇಳಿಸಿ ಬರ್ಮಾಕ್ಕೆ ಒಯ್ದ ಮೇಲೆ ಪುಣೆಯ ರಾಜಕಾರಣ ಮಂಕಾಯಿತು. ಮೊದಲನೆಯದು ಯಶಸ್ವಿಯಾಗಲಿಲ್ಲ; 1909ರ ಡಿಸೆಂಬರ್ 21ರಂದು ನಾಸಿಕದ ಕಲೆಕ್ಟರ್ ಜ್ಯಾಕ್ಸನ್ ಗುಂಡಿಗೆ ಬಲಿಯಾದನು. 1910ರ ಪತ್ರಿಕಾ ಕಾಯಿದೆ ಏರುಬೆಲೆಯ ತತ್ತ್ವವನ್ನು ನೇರವಾಗಿ ಅಂಕಿಗಳಲ್ಲಿ ಬರೆಯಿತು. ಮೊದಲು 500ರಿಂದ 2,000 ರೂಪಾಯಿ ಠೇವಣಿ. ಅದು ಮುಟ್ಟುಗೋಲಾದರೆ 1,000ದಿಂದ 10,000. ಮತ್ತೆ ತಪ್ಪಿದರೆ ಠೇವಣಿಯ ಜೊತೆಗೆ ಮುದ್ರಣಾಲಯವೂ ಸರಕಾರದ ಪಾಲು. ಮಂಡಾಲೆಯಲ್ಲಿ ತಿಲಕರು 1910ರ ನವೆಂಬರಿನಿಂದ 1911ರ ಮಾರ್ಚಿನವರೆಗೆ ‘ಗೀತಾರಹಸ್ಯ’ವನ್ನು ಬರೆದರು. 1912ರ ಜೂನಿನಲ್ಲಿ ಪತ್ನಿ ಸತ್ಯಭಾಮಾಬಾಯಿ ಪುಣೆಯಲ್ಲಿ ತೀರಿಕೊಂಡರು. ಸುದ್ದಿ ತಂತಿಯಲ್ಲಿ ಬಂದಿತು. ಷರತ್ತಿನ ಬಿಡುಗಡೆಯ ಮಾತು ಎದ್ದಾಗ ಈ ಸಲ ಅವರು ಒಪ್ಪಲಿಲ್ಲ. 1898ರ ತಿಲಕರಿಗೂ ಇವರಿಗೂ ಇರುವ ಅಂತರ ಇಲ್ಲಿದೆ.

1914ರ ಜೂನಿನಲ್ಲಿ ಬಿಡುಗಡೆಯಾಗಿ ಪುಣೆಗೆ ಮರಳಿದಾಗ ಅವರ ವಯಸ್ಸು ಅರುವತ್ತರ ಹತ್ತಿರ, ಮಧುಮೇಹ ಜೊತೆಗಿತ್ತು. ಶಿಕ್ಷೆ ಅವರನ್ನು ಬದಲಿಸಲೇ ಇಲ್ಲವೆನ್ನುವುದು ಭಕ್ತರ ಮಾತು. ಬದಲಿಸಿತು. ಯುದ್ಧ ಆರಂಭವಾದಾಗ ಅವರು ಚಕ್ರವರ್ತಿಗೆ ನಿಷ್ಠೆಯನ್ನು ಘೋಷಿಸಿದರು. ಹಿಂಸಾಕೃತ್ಯಗಳನ್ನು ನಿಚ್ಚಳವಾಗಿ ಖಂಡಿಸಿದರು. ರಾಜನೇ ಬೇರೆ, ನೌಕರಶಾಹಿಯೇ ಬೇರೆ ಎಂಬ ಭೇದವನ್ನು ಮಾತಿನ ಉದ್ದಕ್ಕೂ ಎಚ್ಚರದಿಂದ ಪಾಲಿಸತೊಡಗಿದರು. ಬಯಕೆ ಅದೇ, ಭಾಷೆ ಬೇರೆ. ಕಾನೂನಿನ ಬೇಲಿ ಎಲ್ಲಿದೆಯೆಂಬುದನ್ನು ಏಳು ವರ್ಷಗಳ ಸೆರೆವಾಸದ ಖರ್ಚಿನಲ್ಲಿ ಅಳೆದುಕೊಂಡವರು ಅವರು.

ಆ ಹೊಸ ಭಾಷೆಯ ಮೊದಲ ಪರೀಕ್ಷೆ ನಡೆದದ್ದು ಕನ್ನಡ ನೆಲದಲ್ಲಿ. 1916ರ ಏಪ್ರಿಲ್ ಕೊನೆಗೆ ಬೆಳಗಾವಿಯಲ್ಲಿ ಹೋಮ್ ರೂಲ್ ಲೀಗ್ ಸ್ಥಾಪನೆಯಾಯಿತು. ಮೇ 1ರಂದು ತಿಲಕರು ಅಲ್ಲಿ ಸ್ವರಾಜ್ಯದ ಕುರಿತು ಭಾಷಣ ಮಾಡಿದರು. ಮೇ 31 ಮತ್ತು ಜೂನ್ 1ರಂದು ಅಹಮದನಗರದಲ್ಲಿ ಇನ್ನೆರಡು. ಶೀಘ್ರಲಿಪಿಯ ಪೊಲೀಸರು ಎಲ್ಲವನ್ನೂ ಬರೆದುಕೊಂಡರು. ಜುಲೈ 23ರಂದು ಪುಣೆಯ ಗಾಯಕವಾಡವಾಡೆಯಲ್ಲಿ ಅರುವತ್ತು ತುಂಬಿದ ಸಮಾರಂಭ. ಅಭಿಮಾನಿಗಳು ಒಂದು ಲಕ್ಷ ರೂಪಾಯಿಗಳ ನಿಧಿಯನ್ನು ಅರ್ಪಿಸಿದರು. ಅದೇ ಸಡಗರದ ನಡುವೆ 108ನೆಯ ಕಲಮಿನ ನೋಟೀಸೂ ಬಂದಿತು. ಮೂರು ಭಾಷಣಗಳಿಗಾಗಿ ಒಂದು ವರ್ಷದ ಸನ್ನಡತೆಗೆ ಸ್ವಂತ ಮುಚ್ಚಳಿಕೆ 20,000, ತಲಾ 10,000ದ ಇಬ್ಬರು ಜಾಮೀನುದಾರರು. ಆಗಸ್ಟ್ 12ರಂದು ಜಿಲ್ಲಾ ಮ್ಯಾಜಿಸ್ಟ್ರೇಟ್ ಹ್ಯಾಚ್ ಇದನ್ನು ಕಾಯಂಗೊಳಿಸಿದನು. ಕೇಳಿದ ಬೆಲೆಯ ಎರಡೂವರೆ ಪಟ್ಟು ಹಣವನ್ನು ಜನ ಅದೇ ದಿನ ಮುಂದಿಟ್ಟಿದ್ದರು. ತಿಲಕರು ಅದನ್ನು ಸ್ವಂತಕ್ಕೆ ಇಟ್ಟುಕೊಳ್ಳದೆ ರಾಷ್ಟ್ರಕಾರ್ಯಕ್ಕೆ ಬಿಟ್ಟರು. ಜಿನ್ನಾ ಅವರ ವಾದವನ್ನು ಕೇಳಿ, ನವೆಂಬರ್ 9ರಂದು ಮುಂಬಯಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಬ್ಯಾಚಲರ್ ಮತ್ತು ಶಹಾ ಆ ಆಜ್ಞೆಯನ್ನು ರದ್ದುಗೊಳಿಸಿದರು. ಭಾಷಣಗಳ ಒಟ್ಟು ಪರಿಣಾಮ ರಾಜದ್ರೋಹದ್ದಲ್ಲ ಎಂಬುದು ಅವರ ನಿರ್ಣಯ. ಸ್ವರಾಜ್ಯವನ್ನು ಕೇಳುವುದು ಅಪರಾಧವಲ್ಲವೆಂಬ ಅರ್ಥ ಅದರಿಂದ ದೇಶದ ತುಂಬ ಹರಡಿತು.

ಇಲ್ಲಿ ಒಂದು ಪಕ್ಕದ ನೋಟ ಅಗತ್ಯ. ಅದೇ ಸಂಹಿತೆಯ 108ನೆಯ ಕಲಮಿನ ನೆರೆಯಲ್ಲಿಯೇ 110ನೆಯ ಕಲಮು ಇತ್ತು. ಅದು ರೂಢಿಯ ಕಳ್ಳರೆಂದು ಹೆಸರಾದವರಿಂದ ಜಾಮೀನು ಕೇಳುತ್ತಿತ್ತು. ಜಾಮೀನು ಕೊಡಲಾಗದವನಿಗೆ ಮೂರು ವರ್ಷಗಳವರೆಗೂ ಸೆರೆ, ಹೊಸ ಅಪರಾಧ ರುಜುವಾತಾಗದೆಯೇ. 1911ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಇನ್ನೂ ಮುಂದೆ ಹೋಯಿತು. ಪಟ್ಟಿಗೆ ಸೇರಿದ ಜಾತಿಯವನು ಗೊತ್ತುಪಡಿಸಿದ ಅಪರಾಧಕ್ಕೆ ಎರಡನೆಯ ಸಲ ಸಿಕ್ಕರೆ ಕನಿಷ್ಠ ಏಳು ವರ್ಷ, ಮೂರನೆಯ ಸಲ ಜೀವಾವಧಿ ಗಡೀಪಾರು. ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಅಂಥವರ ವಸಾಹತುಗಳು ಎದ್ದವು. ಹಾಜರಿಗೆ ನಿಲ್ಲುವುದು, ಚೀಟಿಯಿಲ್ಲದೆ ಊರು ಬಿಡದಿರುವುದು ಅಲ್ಲಿನ ದಿನಚರಿ. 1952ರಲ್ಲಿ ಕಾಯಿದೆ ರದ್ದಾಗುವವರೆಗೂ ಆ ಹಣೆಪಟ್ಟಿ ಉಳಿಯಿತು. ಅವರಿಗೆ ಒಂದು ಲಕ್ಷದ ನಿಧಿ ಬರಲಿಲ್ಲ, ಬ್ಯಾರಿಸ್ಟರರೂ ಬರಲಿಲ್ಲ. ಜಾಮೀನೆಂಬ ಬೆಲೆ ತಿಲಕರ ಹಿಂದೆ ನಿಂತ ಜನಸ್ತೋಮದ ಮುಂದೆ ಸೋತಿತು. ಯಾರೂ ಹಿಂದೆ ನಿಲ್ಲದವರ ಮೇಲೆ ಅದೇ ಬೆಲೆ ನಿರಾತಂಕವಾಗಿ ಗೆದ್ದಿತು. ತಿಲಕರ ಬರವಣಿಗೆ ಈ ಎರಡನೆಯ ಬಗೆಯ ಶಿಕ್ಷಿತರತ್ತ ಹೆಚ್ಚಾಗಿ ಹೊರಳಲಿಲ್ಲ.

ನ್ಯಾಯಾಲಯದಲ್ಲಿ ಸೋತ ಸರಕಾರ ಅನಂತರ ನ್ಯಾಯಾಲಯವನ್ನೇ ಬದಿಗಿಟ್ಟಿತು. 1917ರಲ್ಲಿ ದಿಲ್ಲಿ, ಪಂಜಾಬುಗಳಿಗೆ ತಿಲಕರ ಪ್ರವೇಶವನ್ನು ನಿಷೇಧಿಸಲಾಯಿತು. 1918ರಲ್ಲಿ ಅನುಮತಿಯಿಲ್ಲದೆ ಭಾಷಣ ಮಾಡದಂತೆ ಆಜ್ಞೆಯಾಯಿತು. ಅವರ ಹಣವನ್ನು ನಿಜವಾಗಿ ನುಂಗಿದ ಮೊಕದ್ದಮೆ ಅವರೇ ಹೂಡಿದ್ದು: ವ್ಯಾಲೆಂಟೈನ್ ಚಿರೋಲನ ಮೇಲೆ ಲಂಡನ್ನಿನಲ್ಲಿ ನಡೆದ ಮಾನಹಾನಿಯ ದಾವೆಯನ್ನು 1919ರ ಫೆಬ್ರವರಿಯಲ್ಲಿ ಸೋತು ಲಕ್ಷಾಂತರ ರೂಪಾಯಿಗಳ ಹೊರೆ ಹೊತ್ತರು. ಅದನ್ನು ಇಳಿಸಲೂ ಜನ ಚಂದಾ ಎತ್ತಿದರು. 1920ರ ಆಗಸ್ಟ್ 1ರಂದು ಮುಂಬಯಿಯ ಸರದಾರಗೃಹದಲ್ಲಿ ತಿಲಕರು ತೀರಿಕೊಂಡರು.

ಎರಡು ವರ್ಷಗಳ ತರುವಾಯ, 1922ರ ಮಾರ್ಚ್ 18ರಂದು, ಅಹಮದಾಬಾದಿನಲ್ಲಿ ಗಾಂಧೀಜಿಯವರು ರಾಜದ್ರೋಹದ ಆರೋಪವನ್ನು ಒಪ್ಪಿಕೊಂಡು, ಕೊಡಬಹುದಾದ ಅತ್ಯಂತ ಕಠಿಣ ಶಿಕ್ಷೆಯನ್ನು ತಾವೇ ಕೇಳಿದರು. ನ್ಯಾಯಾಧೀಶ ಬ್ರೂಮ್‌ಫೀಲ್ಡ್ ಅಳತೆಗೋಲಿಗಾಗಿ ತಿಲಕರ 1908ರ ಮೊಕದ್ದಮೆಯತ್ತ ನೋಡಿ, ಅದೇ ಆರು ವರ್ಷಗಳ ಸಾದಾ ಸಜೆಯನ್ನು ವಿಧಿಸಿದನು. ತಿಲಕರ ಸಾಲಿನಲ್ಲಿ ನಿಲ್ಲಿಸಿದುದನ್ನು ಗಾಂಧೀಜಿ ಗೌರವವೆಂದು ಸ್ವೀಕರಿಸಿದರು. ಅವರನ್ನು ಪುಣೆಯ ಯರವಡಾ ಸೆರೆಮನೆಗೆ ಕಳುಹಿಸಲಾಯಿತು. ಅನಾರೋಗ್ಯದ ಕಾರಣ 1924ರ ಫೆಬ್ರವರಿ 5ರಂದು ಬಿಡುಗಡೆಯಾದ ಅವರು ಆ ವರ್ಷದ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ, ತಿಲಕರ ಶಿಷ್ಯ ಗಂಗಾಧರರಾವ್ ದೇಶಪಾಂಡೆಯವರು ಏರ್ಪಡಿಸಿದ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷಪೀಠದಲ್ಲಿ ಕುಳಿತಿದ್ದರು.